ಸಮ್ಮಿಲನ ಶಕ್ತಿಯ ಲಾಭವನ್ನು ಅಳೆಯುವ ಬಗೆ

೨೦೨೨ನೆಯ ಇಸವಿ ಡಿಸೆಂಬರ್ ತಿಂಗಳು ೫ನೆಯ ತಾರೀಖಿನಂದು ಅಮೇರಿಕಾ ದೇಶದ ಕ್ಯಾಲಿಫೋರ್ನಿಯಾ ಪ್ರಾಂತದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಒಂದು ಪ್ರಯೋಗವು ನಡೆಯಿತು. ೧೯೨ ಲೇಸರ್ ಕಿರಣಗಳನ್ನು ಏಕಕಾಲದಲ್ಲಿ ಹಾಯಿಸಿ, ಮೆಣಸಿನ ಕಾಳಿಗಿಂತಲೂ ಚಿಕ್ಕದಾದ ಒಂದು ಗೋಳದೊಳಗಿನ ಜಲಜನಕವನ್ನು ಸೂರ್ಯಗರ್ಭಕ್ಕಿಂತಲೂ ಅಧಿಕವಾದ ಉಷ್ಣತೆಗೆ ಏರಿಸಲಾಯಿತು. ಕಿರಣಗಳ ಮೂಲಕ ಒಳಗೆ ಹೋದ ಶಕ್ತಿ ೨.೦೫ ಮೆಗಾಜೂಲ್, ಪರಮಾಣುಬೀಜಗಳು ಒಂದರೊಡನೊಂದು ಕೂಡಿಕೊಂಡುದರಿಂದ ಹುಟ್ಟಿದ ಶಕ್ತಿ ೩.೧೫ ಮೆಗಾಜೂಲ್. ಎಂಟು ದಿನಗಳ ತರುವಾಯ ಈ ವರ್ತಮಾನವು ಪ್ರಕಟವಾದಾಗ, ಮನುಷ್ಯನು ತಾನು ಹಾಕಿದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಸೂರ್ಯನ ಮಾರ್ಗದಿಂದಲೇ ಪಡೆದನೆಂದು ಪತ್ರಿಕೆಗಳು ದೊಡ್ಡ ಅಕ್ಷರಗಳಲ್ಲಿ ಬರೆದವು.

ಈ ಸುದ್ದಿಯ ತುಣುಕನ್ನು ಕತ್ತರಿಸಿ ತಂದಿದ್ದ ಹುಡುಗಿಯೊಬ್ಬಳು ಪಾಠದ ನಡುವೆ ಎದ್ದು ನಿಂತು, "ಟೀಚರ್, ೩.೧೫ ಮೆಗಾಜೂಲ್ ಎಂದರೆ ನಮ್ಮ ಮನೆಯ ಮೀಟರಿನಲ್ಲಿ ಎಷ್ಟು ಯೂನಿಟ್ ಆಗುತ್ತದೆ?" ಎಂದು ಕೇಳಿದಳು. ಹಲಗೆಯ ಮೇಲೆ ಲೆಕ್ಕ ಹಾಕಿದೆವು. ಒಂದು ಯೂನಿಟ್ ವಿದ್ಯುತ್ತು ೩.೬ ಮೆಗಾಜೂಲಿಗೆ ಸಮ. ಆದಕಾರಣ ಲೋಕವನ್ನೇ ಬೆರಗುಗೊಳಿಸಿದ ಆ ಶಕ್ತಿ ಪೂರ್ತಿ ಒಂದು ಯೂನಿಟ್ ಕೂಡ ಆಗಲಿಲ್ಲ. ಹತ್ತು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅದು ಸಾಕು, ಅಷ್ಟೆ. ತರಗತಿಯಲ್ಲಿ ನಗೆ ಎದ್ದಿತು. ಆಗ ಹಿಂದಿನ ಬೆಂಚಿನ ಮತ್ತೊಬ್ಬಳು ಅದೇ ತುಣುಕಿನ ಕೊನೆಯ ಸಾಲುಗಳನ್ನು ಓದಿ, ಆ ಲೇಸರುಗಳನ್ನು ನಡೆಸುವುದಕ್ಕೆ ವಿದ್ಯುತ್ ತಂತಿಯಿಂದ ಸುಮಾರು ೩೦೦ ಮೆಗಾಜೂಲ್ ಎಳೆದುಕೊಂಡರಂತೆ ಎಂದಳು. ಅದು ೮೩ ಯೂನಿಟ್. ಎಂಬತ್ತಮೂರನ್ನು ಸುರಿದು ಒಂದಕ್ಕಿಂತ ಕಡಮೆ ಪಡೆದವರು ಲಾಭವೆಂದು ಹೇಗೆ ಹೇಳಿದರು? ಪತ್ರಿಕೆಯವರು ಸುಳ್ಳು ಬರೆದರೋ, ವಿಜ್ಞಾನಿಗಳು ಸುಳ್ಳು ಹೇಳಿದರೋ? ಇಬ್ಬರೂ ಸುಳ್ಳು ಹೇಳಲಿಲ್ಲವೆಂದು ನಾನು ಉತ್ತರ ಕೊಡುವಷ್ಟರಲ್ಲಿ ಗಂಟೆ ಹೊಡೆಯಿತು. ಆ ದಿನ ಉಳಿದುಹೋದ ವಿವರಣೆಯನ್ನು ಈ ಪುಟಗಳಲ್ಲಿ ಸಲ್ಲಿಸುತ್ತಿದ್ದೇನೆ.

ಮೊದಲು ಮನೆಯ ಲೆಕ್ಕವನ್ನೇ ನೋಡುವ. ಒಬ್ಬಾಕೆಯ ಹಸು ತಿಂಗಳಿಗೆ ಎರಡು ಸಾವಿರ ರೂಪಾಯಿನ ಹಿಂಡಿಯನ್ನು ತಿಂದು ಮೂರು ಸಾವಿರ ರೂಪಾಯಿನ ಹಾಲನ್ನು ಕೊಡುತ್ತದೆಂದು ಇಟ್ಟುಕೊಳ್ಳಿರಿ. ಹಿಂಡಿ ಮತ್ತು ಹಾಲು ಇವೆರಡನ್ನೇ ನೋಡಿದರೆ ಹಾಕಿದ್ದಕ್ಕೆ ಒಂದೂವರೆ ಪಟ್ಟು ಬಂದಿತು. ಆದರೆ ಹುಲ್ಲಿನ ಕ್ರಯ, ಕೊಟ್ಟಿಗೆಯ ದುರಸ್ತಿ, ಸೆಗಣಿ ಬಾಚುವ ಆಳಿನ ಸಂಬಳ ಇವುಗಳನ್ನೂ ಬರೆದರೆ ಪುಸ್ತಕದಲ್ಲಿ ನಷ್ಟವೇ ಕಾಣಬಹುದು. ಎರಡು ಲೆಕ್ಕಗಳೂ ನಿಜವಾದವುಗಳೇ. ಮೊದಲನೆಯದು ಹಸುವಿನ ಗುಣವನ್ನು ತಿಳಿಸುತ್ತದೆ. ಎರಡನೆಯದು ಹಸುವನ್ನು ಸಾಕಿ ಮನೆ ನಡೆಯುವುದೋ ಇಲ್ಲವೋ ಎಂಬುದನ್ನು ತಿಳಿಸುತ್ತದೆ. ಮೊದಲನೆಯದನ್ನು ತೋರಿಸಿ ಎರಡನೆಯದೆಂದು ನಂಬಿಸಿದರೆ ಮಾತ್ರ ಮೋಸ. ಲಿವರ್‌ಮೋರಿನವರು ತೋರಿಸಿದ್ದು ಹಿಂಡಿ ಮತ್ತು ಹಾಲಿನ ಲೆಕ್ಕ. ಓದಿದವರಲ್ಲಿ ಅನೇಕರು ತಿಳಿದುಕೊಂಡದ್ದು ಮನೆಯ ಲೆಕ್ಕ.

ಇನ್ನು ವಿಷಯಕ್ಕೆ ಬರುವ. ಪರಮಾಣುವಿನ ನಡುವೆ ಇರುವ ಬೀಜವು ಅತಿ ಸಣ್ಣದು, ಆದರೆ ಪರಮಾಣುವಿನ ಭಾರವೆಲ್ಲಾ ಬಹುಮಟ್ಟಿಗೆ ಅದರಲ್ಲಿಯೇ ಇರುವುದು. ೧೯೨೦ರಲ್ಲಿ ಇಂಗ್ಲೆಂಡಿನ ಆಸ್ಟನ್ ಎಂಬವರು ಪರಮಾಣುಗಳ ಭಾರವನ್ನು ಬಹು ಸೂಕ್ಷ್ಮವಾಗಿ ಅಳೆದು, ನಾಲ್ಕು ಜಲಜನಕ ಪರಮಾಣುಗಳಿಗಿಂತ ಒಂದು ಹೀಲಿಯಂ ಪರಮಾಣು ಸಾವಿರಕ್ಕೆ ಸುಮಾರು ಏಳು ಪಾಲು ಹಗುರವೆಂದು ತೋರಿಸಿದರು. ಅದೇ ವರ್ಷ ಖಗೋಳಶಾಸ್ತ್ರಜ್ಞರಾದ ಎಡಿಂಗ್ಟನ್ನರು, ಕಳೆದುಹೋದ ಆ ಏಳು ಪಾಲೇ ನಕ್ಷತ್ರಗಳ ಬೆಳಕಾಗಿರಬಹುದೆಂದು ಸೂಚಿಸಿದರು. ನಕ್ಷತ್ರಗಳಲ್ಲಿ ಅಷ್ಟೊಂದು ಜಲಜನಕವಿದೆಯೇ ಎಂಬ ಪ್ರಶ್ನೆಗೆ ೧೯೨೫ರಲ್ಲಿ ಉತ್ತರ ಕಂಡವರು ಸಿಸಿಲಿಯಾ ಪೇನ್ ಎಂಬ ತರುಣಿ. ನಕ್ಷತ್ರಗಳು ಬಹುಪಾಲು ಜಲಜನಕವೇ ಎಂದು ಅವರ ಲೆಕ್ಕವು ಹೇಳಿತು. ಆದರೆ ಹಿರಿಯ ವಿದ್ವಾಂಸರು ಒಪ್ಪದ ಕಾರಣ ಆ ಫಲವು ಬಹುಶಃ ನಿಜವಾಗಿರಲಾರದೆಂದು ಅವರು ತಮ್ಮ ಪ್ರಬಂಧದಲ್ಲಿಯೇ ಬರೆಯಬೇಕಾಯಿತು. ಕೆಲವೇ ವರ್ಷಗಳಲ್ಲಿ ಆ ಹಿರಿಯರೇ ತಮ್ಮ ಮಾತನ್ನು ತಿದ್ದಿಕೊಂಡರು. ಅಳತೆಯು ಒಂದನ್ನು ಹೇಳುತ್ತಿರುವಾಗ ದೊಡ್ಡವರ ಅಭಿಪ್ರಾಯವು ಇನ್ನೊಂದನ್ನು ಹೇಳಿದ ಸಂದರ್ಭಗಳು ಈ ಚರಿತ್ರೆಯಲ್ಲಿ ಮುಂದೆಯೂ ಬರುವವು.

ಭೂಮಿಯ ಮೇಲೆ ಸಾಮಾನ್ಯ ಜಲಜನಕವನ್ನು ಕೂಡಿಸುವುದು ಆಗದ ಮಾತು. ಆದದರಿಂದ ಅದರ ಭಾರವಾದ ಒಡಹುಟ್ಟುಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಎಂಬವುಗಳನ್ನು ಉಪಯೋಗಿಸುತ್ತಾರೆ. ಇವೆರಡರ ಬೀಜಗಳು ಸಮ್ಮಿಲನವಾದರೆ ಒಂದು ಹೀಲಿಯಂ ಬೀಜವೂ ಒಂದು ನ್ಯೂಟ್ರಾನೂ ಹುಟ್ಟಿ, ಒಂದು ಕೋಟಿ ೭೬ ಲಕ್ಷ ಎಲೆಕ್ಟ್ರಾನ್-ವೋಲ್ಟ್ ಶಕ್ತಿ ಬಿಡುಗಡೆಯಾಗುವುದು. ಇದರಲ್ಲಿ ೩೫ ಲಕ್ಷವು ಹೀಲಿಯಮ್ಮಿನ ಪಾಲಿಗೆ, ಮಿಕ್ಕ ಒಂದು ಕೋಟಿ ೪೧ ಲಕ್ಷವು ನ್ಯೂಟ್ರಾನಿನ ಪಾಲಿಗೆ ಸೇರುವುದು. ಈ ಹಂಚಿಕೆ ಎಂದಿಗೂ ಬದಲಾಗದು. ಐದು ಪಾಲಿನಲ್ಲಿ ನಾಲ್ಕು ಪಾಲನ್ನು ನ್ಯೂಟ್ರಾನೇ ಹೊತ್ತುಕೊಂಡು ಹೊರಗೆ ಓಡುವುದು. ವಿದ್ಯಾರ್ಥಿನಿಯರು ಇದನ್ನು ಚೆನ್ನಾಗಿ ನೆನಪಿನಲ್ಲಿಡತಕ್ಕದ್ದು, ಯಾಕಂದರೆ ಅಳತೆಯ ರಹಸ್ಯವೆಲ್ಲಾ ಇದರಲ್ಲಿಯೇ ಅಡಗಿದೆ.

ನಾವು ಶಾಲೆಯ ಪ್ರಯೋಗಶಾಲೆಯಲ್ಲಿ ಶಕ್ತಿಯನ್ನು ಅಳೆಯಬೇಕಾದರೆ ತಾಮ್ರದ ಪಾತ್ರೆಯಲ್ಲಿ ನೀರಿಟ್ಟು ಉಷ್ಣಮಾಪಕವನ್ನು ಅದ್ದುತ್ತೇವೆ. ಲಿವರ್‌ಮೋರಿನ ಗೋಳದ ಉರಿಯು ಒಂದು ಸೆಕೆಂಡನ್ನು ಸಾವಿರ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲಿನಷ್ಟು ಹೊತ್ತಿನಲ್ಲಿಯೇ ಮುಗಿದುಹೋಗುವುದು. ಅಲ್ಲಿ ಯಾವ ಉಷ್ಣಮಾಪಕವನ್ನು ಅದ್ದೋಣ? ಆದಕಾರಣ ಅವರು ಉಷ್ಣವನ್ನು ಅಳೆಯದೆ ನ್ಯೂಟ್ರಾನುಗಳನ್ನು ಎಣಿಸುತ್ತಾರೆ. ಒಂದು ಸಮ್ಮಿಲನಕ್ಕೆ ಒಂದೇ ನ್ಯೂಟ್ರಾನು. ಎಷ್ಟು ನ್ಯೂಟ್ರಾನುಗಳು ಬಂದವೋ ಅಷ್ಟು ಸಮ್ಮಿಲನಗಳು. ಅಷ್ಟನ್ನು ಒಂದು ಕೋಟಿ ೭೬ ಲಕ್ಷದಿಂದ ಗುಣಿಸಿದರೆ ಒಟ್ಟು ಶಕ್ತಿ. ಮದುವೆಯ ಮನೆಯಲ್ಲಿ ಉಂಡವರೆಷ್ಟು ಜನವೆಂದು ತಿಳಿಯಲು ಎಂಜಲೆಲೆಗಳನ್ನು ಎಣಿಸಿದಂತೆ ಇದು.

ಆದರೆ ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ, ಕಣ್ಣಿಗೆ ಕಾಣದು, ಗೋಡೆಯನ್ನೂ ತೂರಿಕೊಂಡು ಹೋಗುವುದು. ಅದನ್ನು ಹಿಡಿಯಲು ಒಂದು ಉಪಾಯವುಂಟು. ಜಿರ್ಕೋನಿಯಂ ಲೋಹದ ಬಿಲ್ಲೆಗಳನ್ನು ಗೋಳದ ಸುತ್ತ ಬೇರೆ ಬೇರೆ ದಿಕ್ಕುಗಳಲ್ಲಿ ಇಡುತ್ತಾರೆ. ವೇಗವುಳ್ಳ ನ್ಯೂಟ್ರಾನು ಅದರ ಒಂದು ಪರಮಾಣುಬೀಜಕ್ಕೆ ಹೊಡೆದರೆ, ಅದರೊಳಗಿನಿಂದ ಒಂದು ನ್ಯೂಟ್ರಾನನ್ನು ಹೊರಕ್ಕೆ ತಳ್ಳುವುದು. ಆಗ ೯೦ ಎಂಬ ಭಾರದ ಜಿರ್ಕೋನಿಯಂ ೮೯ ಎಂಬ ಭಾರದ್ದಾಗಿ, ವಿಕಿರಣವನ್ನು ಸೂಸಲಾರಂಭಿಸುವುದು. ಇದರ ಅರ್ಧಾಯುಸ್ಸು ಮೂರು ದಿನಗಳಿಗಿಂತ ತುಸು ಹೆಚ್ಚು. ಆದದರಿಂದ ಬಿಲ್ಲೆಯನ್ನು ನಿಧಾನವಾಗಿ ತೆಗೆದುಕೊಂಡು ಹೋಗಿ, ಎಣಿಸುವ ಯಂತ್ರದ ಮುಂದಿಟ್ಟು ಲೆಕ್ಕ ಮಾಡಲು ಸಾವಕಾಶವಿರುವುದು. ಇನ್ನೂ ಒಂದು ಸೊಗಸುಂಟು. ಅಲ್ಲಲ್ಲಿ ತಾಕಿ ವೇಗ ಕಳೆದುಕೊಂಡ ನ್ಯೂಟ್ರಾನಿಗೆ ಈ ಕಾರ್ಯವನ್ನು ಮಾಡುವ ಶಕ್ತಿಯಿಲ್ಲ. ಹೀಗಿರುವುದರಿಂದ ಜಿರ್ಕೋನಿಯಂ ತಾನೇ ಜರಡಿಯಾಗಿ, ನೇರವಾಗಿ ಬಂದವುಗಳನ್ನು ಮಾತ್ರ ಒಪ್ಪಿಕೊಳ್ಳುವುದು. ಇದಲ್ಲದೆ ನ್ಯೂಟ್ರಾನುಗಳು ಗೊತ್ತಾದ ದೂರವನ್ನು ಓಡಿ ಬರುವ ಕಾಲವನ್ನೂ ಅಳೆಯುತ್ತಾರೆ. ಸೆಕೆಂಡಿಗೆ ಸುಮಾರು ೫೧,೦೦೦ ಕಿಲೋಮೀಟರ್, ಅಂದರೆ ಬೆಳಕಿನ ವೇಗದ ಆರರಲ್ಲಿ ಒಂದು ಪಾಲು, ಇದು ಅವುಗಳ ಓಟ; ಅವು ಎಷ್ಟು ಹಿಂದುಮುಂದಾಗಿ ಬಂದವೆಂಬುದರಿಂದ ಒಳಗಿನ ಉಷ್ಣತೆಯೂ ತಿಳಿದುಬರುವುದು.

೨೦೨೨ರ ಆ ಪ್ರಯೋಗದಲ್ಲಿ ಹುಟ್ಟಿದ ನ್ಯೂಟ್ರಾನುಗಳೆಷ್ಟೆಂದು ನೀವೇ ಭಾಗಾಕಾರ ಮಾಡಿ ನೋಡಬಹುದು. ಒಂದು ಕೋಟಿಯನ್ನು ಒಂದು ಕೋಟಿಯಿಂದ ಗುಣಿಸಿ, ಬಂದದ್ದನ್ನು ಮತ್ತೆ ಹನ್ನೊಂದು ಸಾವಿರದಿಂದ ಗುಣಿಸಿದರೆ ಬರುವ ಸಂಖ್ಯೆ ಅದು. ಇಷ್ಟನ್ನು ಎಣಿಸಿದ ಬಳಿಕವೂ ೩.೧೫ ಎಂಬುದು ನೂರಕ್ಕೆ ಸುಮಾರು ಐದರಷ್ಟು ಹೆಚ್ಚುಕಡಮೆ ಇರಬಹುದೆಂದು ಪ್ರಯೋಗ ಮಾಡಿದವರೇ ಹೇಳಿದರು. ಹಾಗೆ ಹೇಳಿದ್ದು ಅವರ ಗೌರವಕ್ಕೆ ತಕ್ಕದ್ದು. ಆ ಸಂಶಯವನ್ನೆಲ್ಲಾ ಕಳೆದರೂ ೨.೦೫ಕ್ಕಿಂತ ಫಲವು ಮೇಲೆಯೇ ನಿಲ್ಲುವುದು.

ನ್ಯೂಟ್ರಾನು ಒಳ್ಳೆಯ ಸಾಕ್ಷಿಯೆಂದು ಹೇಳಿದೆನು. ಒಮ್ಮೆ ಆ ಸಾಕ್ಷಿಯೂ ಮೋಸಗೊಳಿಸಿತು. ಇಂಗ್ಲೆಂಡಿನ ಹಾರ್ವೆಲ್ಲಿನಲ್ಲಿ ೧೯೫೭ರಲ್ಲಿ ಜೀಟಾ ಎಂಬ ದೊಡ್ಡ ಬಳೆಯಾಕಾರದ ಯಂತ್ರವು ಕೆಲಸಮಾಡಲಾರಂಭಿಸಿತು. ಅದರೊಳಗಿನ ಡ್ಯೂಟೀರಿಯಂ ಅನಿಲದಲ್ಲಿ ಬಲವಾದ ವಿದ್ಯುತ್ಪ್ರವಾಹವನ್ನು ಹರಿಸಿದಾಗ ನ್ಯೂಟ್ರಾನುಗಳು ಕಂಡುಬಂದವು. ೧೯೫೮ನೆಯ ಜನವರಿಯಲ್ಲಿ ಅಲ್ಲಿನ ಮುಖ್ಯಸ್ಥರಾದ ಸರ್ ಜಾನ್ ಕಾಕ್‌ಕ್ರಾಫ್ಟರು, ಇವು ಸಮ್ಮಿಲನದಿಂದಲೇ ಬಂದವೆಂದು ನೂರಕ್ಕೆ ತೊಂಬತ್ತು ಪಾಲು ನಿಶ್ಚಯವಾಗಿದೆಯೆಂದರು. ಇಂಗ್ಲೆಂಡಿನ ಪತ್ರಿಕೆಗಳು ಉಬ್ಬಿಹೋದವು. ಆದರೆ ಅದೇ ಹಾರ್ವೆಲ್ಲಿನ ಬೇಸಿಲ್ ರೋಸ್ ಎಂಬವರು ಸುಮ್ಮನಿರದೆ, ಪ್ರವಾಹ ಹರಿಯುವ ದಿಕ್ಕಿನಲ್ಲಿ ಬರುವ ನ್ಯೂಟ್ರಾನುಗಳ ಶಕ್ತಿಯನ್ನೂ ಅದರ ಎದುರು ದಿಕ್ಕಿನವುಗಳ ಶಕ್ತಿಯನ್ನೂ ಪ್ರತ್ಯೇಕವಾಗಿ ಅಳೆದರು. ಅನಿಲವು ನಿಜವಾಗಿ ಕಾದು ಬೀಜಗಳು ದಿಕ್ಕುದಿಕ್ಕಿಗೆ ಡಿಕ್ಕಿ ಹೊಡೆಯುತ್ತಿದ್ದರೆ ಎರಡೂ ಸಮನಾಗಿರಬೇಕಿತ್ತು. ಸಮನಾಗಿರಲಿಲ್ಲ. ಕೆಲವೇ ಬೀಜಗಳು ವಿದ್ಯುದ್ಬಲದಿಂದ ಒಂದೇ ದಿಕ್ಕಿಗೆ ತಳ್ಳಲ್ಪಟ್ಟು, ತಣ್ಣಗಿದ್ದ ಮಿಕ್ಕವುಗಳಿಗೆ ಹೊಡೆಯುತ್ತಿದ್ದವು. ಅಂಥ ಹೊಡೆತದಿಂದ ನ್ಯೂಟ್ರಾನು ಬರುವುದೇ ಹೊರತು ಉರಿ ಹೊತ್ತಿಕೊಳ್ಳುವುದಿಲ್ಲ. ಮೇ ತಿಂಗಳಿನಲ್ಲಿ ಹಾರ್ವೆಲ್ಲಿನವರು ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಜನವರಿಯ ಸಂಭ್ರಮಕ್ಕಿಂತ ಮೇ ತಿಂಗಳ ಈ ಒಪ್ಪಿಗೆಯನ್ನೇ ನಾನು ಹೆಚ್ಚಾಗಿ ಮೆಚ್ಚುತ್ತೇನೆ. ಮನೆಯವರ ತಪ್ಪನ್ನು ಮನೆಯವರೇ ಅಳೆದು ಹೇಳಿದ್ದು ಸಣ್ಣ ಮಾತಲ್ಲ.

ಇದಾದ ಹತ್ತು ವರ್ಷಗಳ ಮೇಲೆ, ೧೯೬೮ರಲ್ಲಿ, ರಷ್ಯಾದ ಆರ್ಟ್ಸಿಮೋವಿಚ್ ಎಂಬವರು ತಮ್ಮ ಟೋಕಮಾಕ್ ಯಂತ್ರದಲ್ಲಿ ಸುಮಾರು ಒಂದು ಕೋಟಿ ಡಿಗ್ರಿಯ ಉಷ್ಣತೆಯನ್ನು ಪಡೆದಿರುವುದಾಗಿ ತಿಳಿಸಿದರು. ಜೀಟಾದ ಕಹಿ ಮರೆಯದಿದ್ದ ಲೋಕವು ನಂಬಲಿಲ್ಲ. ಅವರು ಮುನಿಯದೆ, ನೀವೇ ಬಂದು ಅಳೆಯಿರೆಂದು ಇಂಗ್ಲೆಂಡಿನವರನ್ನು ಕರೆದರು. ೧೯೬೯ರಲ್ಲಿ ಕಲ್ಹಂ ಪ್ರಯೋಗಾಲಯದ ತಂಡವೊಂದು ಟನ್ನುಗಟ್ಟಲೆ ಸಾಮಾನುಗಳೊಡನೆ ಮಾಸ್ಕೋ ನಗರಕ್ಕೆ ಹೋಗಿ, ಲೇಸರ್ ಬೆಳಕನ್ನು ಆ ಅನಿಲದೊಳಗೆ ಹಾಯಿಸಿ, ಎಲೆಕ್ಟ್ರಾನುಗಳಿಂದ ಚದರಿದ ಬೆಳಕಿನ ಬಣ್ಣವು ಎಷ್ಟು ಹರಡಿತೆಂಬುದರಿಂದ ಉಷ್ಣತೆಯನ್ನು ಕಂಡುಹಿಡಿಯಿತು. ರಷ್ಯನರು ಹೇಳಿದ್ದೇ ನಿಜವಾಗಿತ್ತು. ಎರಡು ಪಂಗಡಗಳಾಗಿ ಒಡೆದುಹೋಗಿದ್ದ ಅಂದಿನ ಲೋಕದಲ್ಲಿ ಉಷ್ಣತೆಯನ್ನು ಅಳೆಯುವ ಕೆಲಸಕ್ಕಾಗಿ ಹೀಗೆ ಬಾಗಿಲು ತೆರೆಯಿತು.

ಈಗ ಲಾಭದ ಮಾತಿಗೆ ಹಿಂದಿರುಗುವ. ಹೊರಬಂದ ಸಮ್ಮಿಲನಶಕ್ತಿಯನ್ನು ಒಳಗೆ ಕೊಟ್ಟ ಶಕ್ತಿಯಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಲಾಭಾಂಕವೆಂದು ಹೆಸರಿಡೋಣ; ವಿಜ್ಞಾನಿಗಳು ಇದನ್ನು ಕ್ಯೂ ಎಂಬ ಅಕ್ಷರದಿಂದ ಬರೆಯುತ್ತಾರೆ. ಭಾಗಿಸುವುದು ಸುಲಭ. "ಒಳಗೆ" ಎಂಬ ಮಾತಿನ ಅರ್ಥವೇ ಕಷ್ಟ. ಒಂದು ಮನೆಗೆ ಹೊರಬಾಗಿಲು, ನಡುಬಾಗಿಲು, ದೇವರ ಕೋಣೆಯ ಬಾಗಿಲು ಇರುವಂತೆ ಆ ಪ್ರಯೋಗಕ್ಕೂ ಹಲವು ಬಾಗಿಲುಗಳಿವೆ. ಹೊರಬಾಗಿಲಿನಲ್ಲಿ, ಅಂದರೆ ವಿದ್ಯುತ್ ತಂತಿಯ ಬಳಿ, ೩೦೦ ಮೆಗಾಜೂಲ್ ಒಳಗೆ ಬಂದಿತು. ಲೇಸರ್ ಯಂತ್ರಗಳಲ್ಲಿ ಇದರ ಬಹುಭಾಗವು ವ್ಯರ್ಥವಾಗಿ, ನಡುಬಾಗಿಲಿಗೆ ಬಂದದ್ದು ೨.೦೫. ಕಿರಣಗಳು ನೇರವಾಗಿ ಗೋಳಕ್ಕೆ ತಾಗುವುದಿಲ್ಲ. ಭಾರಲೋಹದ ಒಂದು ಪುಟ್ಟ ಡಬ್ಬಿಯ ಒಳಗೋಡೆಗೆ ತಾಗಿ ಎಕ್ಸ್-ಕಿರಣಗಳಾಗುತ್ತವೆ. ಆ ಎಕ್ಸ್-ಕಿರಣಗಳಲ್ಲಿ ಒಳಗಿನ ಗೋಳಕ್ಕೆ ಮುಟ್ಟಿದ್ದು ಕೊಟ್ಟದ್ದರ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಮೂರನೆಯ ಬಾಗಿಲಿನಲ್ಲಿ ನಿಂತು ಭಾಗಿಸಿದರೆ ಲಾಭಾಂಕ ಹತ್ತನ್ನು ಮೀರುವುದು, ಎರಡನೆಯದರಲ್ಲಿ ೧.೫, ಮೊದಲನೆಯದರಲ್ಲಿ ೦.೦೧. ಪ್ರಯೋಗ ಒಂದೇ, ದಿನ ಒಂದೇ, ನ್ಯೂಟ್ರಾನುಗಳೂ ಅವೇ. ಲಿವರ್‌ಮೋರಿನ ಆ ಲೇಸರುಗಳು ಮಿತವ್ಯಯಕ್ಕಾಗಿ ಕಟ್ಟಿದವುಗಳಲ್ಲವೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಅಲ್ಲಿನ ಮುಖ್ಯೋದ್ದೇಶವು ಅಣ್ವಸ್ತ್ರಗಳ ಸಂಬಂಧವಾದ ಸಂಶೋಧನೆ, ವಿದ್ಯುತ್ತಿನ ಉತ್ಪಾದನೆಯಲ್ಲ.

ಬಳೆಯಾಕಾರದ ಯಂತ್ರಗಳಲ್ಲಿ ಬಾಗಿಲುಗಳು ಬೇರೆ. ಇಂಗ್ಲೆಂಡಿನ ಕಲ್ಹಮಿನಲ್ಲಿದ್ದ ಜೆಟ್ ಎಂಬ ಯುರೋಪಿಯನ್ ಯಂತ್ರವು ೧೯೯೭ರಲ್ಲಿ ೨೪ ಮೆಗಾವಾಟ್ ಉಷ್ಣವನ್ನು ಒಳಗೆ ಪಡೆದು ೧೬ ಮೆಗಾವಾಟ್ ಸಮ್ಮಿಲನಶಕ್ತಿಯನ್ನು ಕೊಟ್ಟಿತು. ಲಾಭಾಂಕ ೦.೬೭. ಅದೇ ಯಂತ್ರವು ೨೦೨೧ರಲ್ಲಿ ಐದು ಸೆಕೆಂಡುಗಳಲ್ಲಿ ೫೯ ಮೆಗಾಜೂಲ್ ಕೊಟ್ಟಾಗ ಹೊಸ ದಾಖಲೆಯೆಂದು ಕೊಂಡಾಡಿದರು. ಆದರೆ ಆ ಸಲದ ಲಾಭಾಂಕ ಸುಮಾರು ೦.೩೩ ಮಾತ್ರ. ಮೊತ್ತ ದೊಡ್ಡದಾಯಿತು, ಅನುಪಾತ ಚಿಕ್ಕದಾಯಿತು. ಇದರಿಂದ ಯಾರೂ ಹಿಂದೆಬಿದ್ದರೆಂದು ತಿಳಿಯಬಾರದು; ಬಹಳ ಹೊತ್ತು ನಿಲ್ಲಿಸುವುದು ಆ ಸಲದ ಗುರಿಯಾಗಿತ್ತು. ೨೦೨೩ರ ಅಕ್ಟೋಬರಿನಲ್ಲಿ ಒಂದು ಗ್ರಾಮಿನ ಐದು ಸಾವಿರದಲ್ಲೊಂದು ಪಾಲಿನಷ್ಟು ಇಂಧನದಿಂದ ೬೯ ಮೆಗಾಜೂಲ್ ಕೊಟ್ಟು, ಆ ವರ್ಷದ ಕೊನೆಯಲ್ಲಿ ಅದು ತನ್ನ ಕೆಲಸವನ್ನು ಮುಗಿಸಿತು. ಅದರ ತಾಮ್ರದ ಅಯಸ್ಕಾಂತ ಸುರುಳಿಗಳನ್ನು ನಡೆಸಲು ಬೇಕಾದ ವಿದ್ಯುತ್ತೋ, ಈ ೨೪ ಮೆಗಾವಾಟಿನ ಲೆಕ್ಕಕ್ಕೆ ಸೇರಲೇ ಇಲ್ಲ. ಅದಕ್ಕಾಗಿ ತಲಾ ೭೭೫ ಟನ್ ತೂಕದ ಎರಡು ಗಾಲಿಗಳನ್ನು ಮುಂಚಿತವಾಗಿ ತಿರುಗಿಸಿ ಶಕ್ತಿಯನ್ನು ಕೂಡಿಡಬೇಕಾಗಿತ್ತು. ಆದರೂ ಒಂದು ವಿಷಯದಲ್ಲಿ ಜೆಟ್ಟಿನವರಿಂದ ನಾವು ಕಲಿಯಬೇಕು. ನ್ಯೂಟ್ರಾನುಗಳನ್ನು ಎಣಿಸುವ ತಮ್ಮ ಉಪಕರಣಗಳು ಸರಿಯೋ ಎಂದು ತಿಳಿಯಲು, ಎಷ್ಟು ನ್ಯೂಟ್ರಾನುಗಳನ್ನು ಸೂಸುವುದೆಂದು ಮೊದಲೇ ಗೊತ್ತಿರುವ ಒಂದು ವಸ್ತುವನ್ನು ಯಂತ್ರದ ತೋಳಿನಿಂದ ಆ ಬಳೆಯೊಳಗೆಲ್ಲಾ ಸುತ್ತಿಸಿ ಪರೀಕ್ಷಿಸಿದರು. ಅಕ್ಕಿಯನ್ನು ತೂಗುವುದಕ್ಕೆ ಮುಂಚೆ ತಕ್ಕಡಿಯನ್ನು ತೂಗಿದರೆಂದರೂ ಸಲ್ಲುವುದು.

ಜಪಾನಿನ ಜೆಟಿ-೬೦ ಯಂತ್ರದ ವಿಷಯದಲ್ಲಿ ೧೯೯೮ರಲ್ಲಿ ೧.೨೫ ಎಂಬ ಲಾಭಾಂಕವನ್ನು ಹೇಳಿದರು. ಅಲ್ಲಿ ಟ್ರಿಟಿಯಂ ಇರಲೇ ಇಲ್ಲ. ಡ್ಯೂಟೀರಿಯಂ ಮಾತ್ರ ಇತ್ತು. ಇದೇ ಉಷ್ಣತೆಯಲ್ಲಿ ಟ್ರಿಟಿಯಮ್ಮನ್ನೂ ಸೇರಿಸಿದ್ದರೆ ಇಷ್ಟು ಬರುತ್ತಿತ್ತೆಂಬ ಲೆಕ್ಕವದು. ಸಮಾನಾಂಕವೆಂದು ಅವರು ಸ್ಪಷ್ಟವಾಗಿಯೇ ಬರೆದರು. ಉದ್ಧರಿಸುವವರು ಅನೇಕ ವೇಳೆ ಆ ಪದವನ್ನು ಬಿಟ್ಟುಬಿಡುತ್ತಾರೆ.

ಹಾಗಾದರೆ ಎಷ್ಟು ಲಾಭಾಂಕವಿದ್ದರೆ ಮನೆ ನಡೆಯುವುದು? ಈ ಪ್ರಶ್ನೆಯನ್ನು ೧೯೫೫ರಲ್ಲಿಯೇ ಹಾರ್ವೆಲ್ಲಿನ ಜಾನ್ ಲಾಸನ್ ಎಂಬ ಎಂಜಿನಿಯರರು ಕಾಗದದ ಮೇಲೆ ಬಿಡಿಸಿದರು. ಅವರ ವಾದವು ಸರಳ. ಒಳಗೆ ಹಾಕಿದ್ದೂ ಹೊಸದಾಗಿ ಹುಟ್ಟಿದ್ದೂ ಎರಡೂ ಕೊನೆಗೆ ಉಷ್ಣವಾಗಿಯೇ ಹೊರಬರುತ್ತವೆ. ಉಷ್ಣವನ್ನು ವಿದ್ಯುತ್ತಾಗಿ ಮಾರ್ಪಡಿಸುವಾಗ ಮೂರರಲ್ಲಿ ಒಂದು ಪಾಲು ಮಾತ್ರ ಕೈಸೇರುವುದು. ಹಾಗಾಗಿ ಒಂದನ್ನು ಹಾಕಿದರೆ ಒಟ್ಟು ಮೂರು ಹೊರಬರಬೇಕು, ಅಂದರೆ ಹೊಸದಾಗಿ ಹುಟ್ಟಿದ್ದೇ ಎರಡನ್ನು ಮೀರಬೇಕು. ಆಗ ಮಾತ್ರ ಹಾಕಿದ್ದನ್ನು ಮತ್ತೆ ಹಾಕಲು ವಿದ್ಯುತ್ತು ಸಿಕ್ಕೀತು. ಶಕ್ತಿಯನ್ನು ಒಳಗೆ ಕಳುಹಿಸುವಲ್ಲಿ ಆಗುವ ನಷ್ಟವನ್ನೂ, ಅಯಸ್ಕಾಂತ, ಶೈತ್ಯಯಂತ್ರ, ಪಂಪು ಮೊದಲಾದವುಗಳ ಖರ್ಚನ್ನೂ ಕೂಡಿಸಿದರೆ ಎರಡು ಸಾಲದು. ಹತ್ತಕ್ಕೂ ಮೇಲೆ ಬೇಕಾಗುವುದು.

ಆ ಹತ್ತನ್ನೇ ಗುರಿಯಾಗಿಟ್ಟುಕೊಂಡು ಫ್ರಾನ್ಸ್ ದೇಶದ ಕಾಡರಾಷಿನಲ್ಲಿ ಈಟರ್ ಎಂಬ ಯಂತ್ರವು ಕಟ್ಟಲ್ಪಡುತ್ತಿದೆ. ೫೦ ಮೆಗಾವಾಟ್ ಉಷ್ಣವನ್ನು ಒಳಗೆ ಕೊಟ್ಟು ೫೦೦ ಮೆಗಾವಾಟ್ ಪಡೆಯಬೇಕೆಂಬುದು ಅದರ ಸಂಕಲ್ಪ. ಹೀಲಿಯಮ್ಮಿನ ಐದರಲ್ಲೊಂದು ಪಾಲು, ಅಂದರೆ ೧೦೦ ಮೆಗಾವಾಟ್, ಒಳಗೇ ಉಳಿದು ಕಾಯಿಸುವುದರಿಂದ ಉರಿಯು ತನ್ನ ಉರುವಲನ್ನು ಬಹುಮಟ್ಟಿಗೆ ತಾನೇ ಒದಗಿಸಿಕೊಳ್ಳುವುದು. ಇದೇ ಅದರ ನಿಜವಾದ ಮಹತ್ವ. ಆದರೆ ಅಲ್ಲಿಯೂ ಹೊರಬಾಗಿಲಿನ ಲೆಕ್ಕ ಬೇರೆ. ಆ ಸ್ಥಳಕ್ಕೆ ಸದಾ ಸುಮಾರು ೧೧೦ ಮೆಗಾವಾಟ್, ಕೆಲವು ಕ್ಷಣಗಳಲ್ಲಿ ೬೨೦ ಮೆಗಾವಾಟಿನವರೆಗೂ ವಿದ್ಯುತ್ತು ಬೇಕಾಗುವುದೆಂದು ಅವರೇ ಪ್ರಕಟಿಸಿದ್ದಾರೆ. ಅದು ವಿದ್ಯುತ್ತನ್ನು ಉತ್ಪಾದಿಸುವ ಯಂತ್ರವೂ ಅಲ್ಲ. ಈ ಯೋಜನೆಯಲ್ಲಿ ನಮ್ಮ ದೇಶವೂ ಭಾಗಿಯಾಗಿದೆ. ಯಂತ್ರವನ್ನೆಲ್ಲಾ ಒಳಗಿಟ್ಟುಕೊಳ್ಳುವ ಸುಮಾರು ೩೦ ಮೀಟರ್ ಎತ್ತರದ ಉಕ್ಕಿನ ಪಾತ್ರೆಯ ಭಾಗಗಳು ಗುಜರಾತಿನ ಹಜೀರಾದಲ್ಲಿ ತಯಾರಾಗಿ ಹಡಗಿನಲ್ಲಿ ಹೋದವು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೩೯ರಿಂದ ಕೆಲವು ವರ್ಷ ಅಧ್ಯಾಪಕರಾಗಿದ್ದ ಹೋಮಿ ಭಾಭಾ ಅವರು ೧೯೫೫ರಲ್ಲಿ ಜಿನೀವಾ ಸಮ್ಮೇಳನದ ಅಧ್ಯಕ್ಷಪೀಠದಿಂದ, ಎರಡು ದಶಕಗಳೊಳಗೆ ಸಮ್ಮಿಲನಶಕ್ತಿಯನ್ನು ಹತೋಟಿಯಲ್ಲಿಟ್ಟು ಪಡೆಯುವ ಮಾರ್ಗವು ಕಂಡುಬರುವುದೆಂದು ಭವಿಷ್ಯ ನುಡಿದಿದ್ದರು. ಈಟರಿನಲ್ಲಿ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಕೂಡುವುದು ೨೦೩೯ರಲ್ಲಿ ಎಂದು ೨೦೨೪ರಲ್ಲಿ ತಿದ್ದಿದ ಕಾಲಪಟ್ಟಿಯು ಹೇಳುತ್ತದೆ. ಭಾಭಾ ಅವರು ಆ ಮಾತನ್ನಾಡಿದ ವರ್ಷವೇ ಲಾಸನ್ನರ ಲೆಕ್ಕವೂ ಸಿದ್ಧವಾಗಿತ್ತು, ಆದರೆ ಅದು ಗುಟ್ಟಿನ ಕಾಗದವಾಗಿದ್ದು ೧೯೫೭ರಲ್ಲಿ ಮಾತ್ರ ಬೆಳಕು ಕಂಡಿತು.

ಇನ್ನು ಹಿಂದಿನ ಬೆಂಚಿನ ಹುಡುಗಿಗೆ ಒಂದು ಲೆಕ್ಕ ಬಾಕಿಯಿದೆ. ಲಿವರ್‌ಮೋರಿನವರು ಅಲ್ಲಿಗೇ ನಿಲ್ಲಲಿಲ್ಲ. ೨೦೨೩ರ ಜುಲೈಯಲ್ಲಿ ೩.೮೮, ೨೦೨೪ರ ಫೆಬ್ರವರಿಯಲ್ಲಿ ೫.೨, ೨೦೨೫ರ ಏಪ್ರಿಲಿನಲ್ಲಿ ೮.೬ ಮೆಗಾಜೂಲ್ ಪಡೆದರು. ಕೊನೆಯ ಸಲ ಲೇಸರುಗಳು ಕೊಟ್ಟದ್ದು ೨.೦೮. ನಡುಬಾಗಿಲಿನ ಲಾಭಾಂಕ ೪.೧ ಆಗುವುದು. ಹೊರಬಾಗಿಲಿನಲ್ಲಿ ಮೊದಲಿನಂತೆ ೩೦೦ ಎಂದೇ ಇಟ್ಟುಕೊಂಡರೆ ೦.೦೩, ಮೀಟರಿನ ಯೂನಿಟ್ಟಿನಲ್ಲಿ ಹೇಳಬೇಕಾದರೆ ೮೩ಕ್ಕೆ ಈಗ ಎರಡೂಕಾಲಿಗಿಂತ ತುಸು ಹೆಚ್ಚು.